ಕಟ್ಟಿದ ಮನೆಯಲ್ಲೇ ವಿದ್ಯುತ್ ಉಳಿತಾಯ: ಮೈಸೂರು–ಮಂಡ್ಯ ಸೀಮೆಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಇಂಧನ ಉಳಿಸುವ ಬಗ್ಗೆ ಹೊರದೇಶಗಳಿಂದ ಬರುವ ಸಲಹೆಗಳಲ್ಲಿ ಹೆಚ್ಚಿನವು ಚಳಿಯ ನಾಡಿನವು. ಎರಡು ಪದರದ ಗಾಜು ಹಾಕಿಸುವುದು, ಬಾಗಿಲು ಕಿಟಕಿಗಳ ಸಂದು ಮುಚ್ಚುವುದು, ಗೋಡೆಯೊಳಗೆ ಉಣ್ಣೆಯಂಥ ಪದರ ತುಂಬುವುದು ಇವೆಲ್ಲ ಒಳಗಿನ ಬಿಸಿ ಹೊರಗೆ ಹೋಗದಿರಲಿ ಎಂದು ಮಾಡುವ ಕೆಲಸಗಳು. ಮೈಸೂರು, ಮಂಡ್ಯದ ಮನೆಗಳ ಕಷ್ಟವೇ ಬೇರೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಉಷ್ಣಾಂಶ 35 ಡಿಗ್ರಿ ಮುಟ್ಟಿದರೂ ರಾತ್ರಿ 22 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆದರೆ ಹಗಲೆಲ್ಲ ಬಿಸಿಲಿನಲ್ಲಿ ಕಾದ ಕಾಂಕ್ರೀಟ್ ತಾರಸಿ ಆ ತಂಪು ನಮ್ಮ ಕೋಣೆಗೆ ಬರಲು ಬಿಡುವುದಿಲ್ಲ. ಹೀಗಾಗಿ ಇಲ್ಲಿ ಸೂಚಿಸುವ ಕ್ರಮದಲ್ಲಿ ತಾರಸಿ ಮತ್ತು ಬಚ್ಚಲುಮನೆ ಮೊದಲು ಬರುತ್ತವೆ, ಫ್ಯಾನು–ದೀಪಗಳು ಅವುಗಳ ಹಿಂದೆ, ಸೌರಫಲಕ ಎಲ್ಲಕ್ಕಿಂತ ಕೊನೆಗೆ. ಬಹಳ ಮಂದಿ ಇದನ್ನು ತಲೆಕೆಳಗು ಮಾಡಿ, ಕಾದ ತಾರಸಿಯ ಕೆಳಗೆ ಎಸಿ ಕೂರಿಸಿ, ಆ ಎಸಿಗೆಂದು ಮೇಲೆ ದೊಡ್ಡ ಸೌರಫಲಕ ಹಾಕಿಸಿ, ಎರಡು ಕಡೆಯೂ ಹಣ ಸುರಿಯುತ್ತಾರೆ.

ಇಂಗಾಲದ ಲೆಕ್ಕವನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು, 1908ರಲ್ಲಿ ಮೈಸೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಹಾಗಾಗಿ ನಮ್ಮದು ನೀರಿನಿಂದ ಬಂದ ಶುದ್ಧ ಕರೆಂಟು ಎಂಬ ಅಭಿಮಾನ ಈ ಸೀಮೆಯಲ್ಲಿ ಇನ್ನೂ ಉಳಿದಿದೆ. ಈಗ ಇಡೀ ದೇಶದ ವಿದ್ಯುತ್ ಜಾಲ ಒಂದೇ ಆಗಿದ್ದು, ಅದರಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು. ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುತ್ತದೆ. ತಿಂಗಳಿಗೆ 100 ಯೂನಿಟ್ ಉಳಿಸಿದರೆ 70 ಕಿಲೋಗ್ರಾಂ ಉಳಿಸಿದಂತೆ. ಇನ್ನೊಂದು ಕಡೆ, ಒಂದು ಮೂಟೆ ಸಿಮೆಂಟ್ ತಯಾರಾಗುವಾಗಲೇ 30ರಿಂದ 40 ಕಿಲೋಗ್ರಾಂ ಹೊರಬಿದ್ದಿರುತ್ತದೆ. ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವುದಕ್ಕಿಂತ ಇರುವುದನ್ನೇ ಸರಿಪಡಿಸುವುದು ಮೇಲು ಎನ್ನಲು ಇದೂ ಒಂದು ಕಾರಣ.

ಮೊದಲ ಹೆಜ್ಜೆ: ಮೀಟರ್ ಓದುವುದು

ಸೆಸ್ಕ್‌ನ (ಈ ಸೀಮೆಯ ವಿದ್ಯುತ್ ಸರಬರಾಜು ನಿಗಮದ) ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಟ್ಟಿಗೆ ಇಟ್ಟುಕೊಂಡು ಪ್ರತಿ ತಿಂಗಳ ಯೂನಿಟ್‌ಗಳನ್ನು ಸಾಲಾಗಿ ಬರೆದುಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಅಂಕಿ ಏರಿದ್ದರೆ ಅದು ಸೆಕೆಯ ಖರ್ಚು. ನವೆಂಬರ್‌ನಿಂದ ಜನವರಿವರೆಗೆ ಏರಿದ್ದರೆ ಅದು ಬಹುತೇಕ ಗೀಸರಿನದು. ವರ್ಷವಿಡೀ ಒಂದೇ ಮಟ್ಟದಲ್ಲಿ ಎತ್ತರವಾಗಿದ್ದರೆ ಫ್ರಿಜ್, ಪಂಪು, ಯುಪಿಎಸ್‌ಗಳ ಕಡೆ ನೋಡಬೇಕು.

ಯಾವ ಉಪಕರಣ ಎಷ್ಟು ಎಳೆಯುತ್ತದೆ ಎಂದು ತಿಳಿಯಲು ಬೇರೆ ಯಂತ್ರ ಕೊಳ್ಳಬೇಕಿಲ್ಲ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿನುಗುವ ಸಣ್ಣ ಕೆಂಪು ದೀಪದ ಪಕ್ಕದಲ್ಲಿ, ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. ಅದು 3200 ಎಂದಿದ್ದರೆ, 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದಾಗ ಆ ಹೊತ್ತಿನ ಬಳಕೆ ವ್ಯಾಟ್‌ಗಳಲ್ಲಿ ಸಿಗುತ್ತದೆ. ಎಲ್ಲವನ್ನೂ ಆರಿಸಿ ಒಂದು ಹಳೆಯ ಫ್ಯಾನನ್ನು ಮಾತ್ರ ಪೂರ್ಣ ವೇಗದಲ್ಲಿ ಬಿಟ್ಟರೆ 15 ಸೆಕೆಂಡಿಗೊಮ್ಮೆ ಮಿನುಗುವುದನ್ನು ಕಾಣಬಹುದು, ಅಂದರೆ 75 ವ್ಯಾಟ್. ಎಲ್ಲ ಸ್ವಿಚ್ ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಯಾವುದೋ ಉಪಕರಣ ಸದ್ದಿಲ್ಲದೆ ನಡೆಯುತ್ತಿದೆ ಅಥವಾ ವೈರಿಂಗಿನಲ್ಲಿ ಸೋರಿಕೆಯಿದೆ. ಎರಡನೆಯದಾದರೆ ಉಳಿತಾಯದ ಮಾತು ಬದಿಗಿಟ್ಟು ಅಂದೇ ಎಲೆಕ್ಟ್ರಿಷಿಯನ್‌ರನ್ನು ಕರೆಸಬೇಕು.

2023ರಲ್ಲಿ ಆರಂಭವಾದ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. ಆದ್ದರಿಂದ 210, 230 ಯೂನಿಟ್‌ಗಳ ಸುತ್ತ ಓಡಾಡುವ ಮನೆಗಳಿಗೆ ಮುಂದಿನ ಕೆಲಸಗಳಲ್ಲಿ ಒಂದೆರಡನ್ನು ಮಾಡಿಸಿದರೂ ಲಾಭ ಬಹಳ ಬೇಗ ಕಾಣುತ್ತದೆ. ಬಿಲ್ಲೇ ಬಾರದ ಮನೆಯವರಿಗೆ ಹಣದ ಉಳಿತಾಯ ಕಾಣದಿರಬಹುದು. ಅವರಿಗೆ ತಾರಸಿಯ ಕೆಲಸದಿಂದ ಸಿಗುವುದು ರಾತ್ರಿಯ ನಿದ್ದೆ.

ಎರಡನೆಯ ಹೆಜ್ಜೆ: ತಾರಸಿ

ನಾಲ್ಕೈದು ಇಂಚಿನ ಆರ್‌ಸಿಸಿ ಮೋಲ್ಡ್ ಬಿಸಿಯನ್ನು ತಡೆಯುವುದಿಲ್ಲ, ತಡವಾಗಿ ದಾಟಿಸುತ್ತದೆ ಅಷ್ಟೆ. ಮಧ್ಯಾಹ್ನ ಮೇಲ್ಮೈಗೆ ಬಿದ್ದ ಬಿಸಿಲು ಕೆಲವು ಗಂಟೆಗಳ ನಂತರ, ಅಂದರೆ ಸಂಜೆಯಿಂದ ಮಲಗುವ ಹೊತ್ತಿನವರೆಗೆ, ಸೂರಿನಿಂದ ಕೆಳಗಿಳಿಯುತ್ತದೆ. ರಾತ್ರಿ ಫ್ಯಾನು ಹಾಕಿದರೂ ಬಿಸಿಗಾಳಿಯೇ ಬೀಸುವುದು ಈ ಕಾರಣಕ್ಕೆ. ಬಿಸಿ ಎಷ್ಟು ಸುಲಭವಾಗಿ ದಾಟುತ್ತದೆ ಎಂಬುದನ್ನು ಯು-ಮೌಲ್ಯ ಎಂಬ ಅಂಕಿಯಿಂದ ಅಳೆಯುತ್ತಾರೆ. ಬರಿಯ ಮೋಲ್ಡಿನಲ್ಲಿ ಅದು 3ಕ್ಕೂ ಮೇಲಿರುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಮನೆಗಳಿಗೆಂದು ಹೊರಡಿಸಿದ ಎಕೊ ನಿವಾಸ್ ಸಂಹಿತೆ ಅದು 1.2ನ್ನು ಮೀರಬಾರದೆನ್ನುತ್ತದೆ.

ಕೆಲಸಕ್ಕೆ ಸರಿಯಾದ ಕಾಲ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ. ಆಗ ಹಿಂಗಾರು ಮಳೆ ಮುಗಿದು ಮೋಲ್ಡ್ ಒಣಗಿರುತ್ತದೆ, ಏಪ್ರಿಲ್‌ನ ಗುಡುಗು ಮಳೆಗೆ ಇನ್ನೂ ದಿನಗಳಿರುತ್ತವೆ. ಮೊದಲು ಸೋರಿಕೆ ಪರೀಕ್ಷಿಸಿ. ನೀರು ಹೋಗುವ ಕೊಳವೆಗಳನ್ನು ಬಟ್ಟೆಯಿಂದ ಬಿಗಿದು, ಒಂದೆರಡು ಇಂಚು ನೀರನ್ನು ಒಂದು ದಿನ ನಿಲ್ಲಿಸಿ, ಕೆಳಗಿನ ಕೋಣೆಗಳ ಸೂರಿನಲ್ಲಿ ತೇವ ಕಾಣುತ್ತದೆಯೇ ನೋಡಬೇಕು. ಎರಡು ಇಂಚು ನೀರೆಂದರೆ ಚದರ ಮೀಟರಿಗೆ 50 ಕಿಲೋಗ್ರಾಂ ಭಾರ. ಆರ್‌ಸಿಸಿ ಇದನ್ನು ತಾಳುತ್ತದೆ, ಮರದ ತೊಲೆಗಳ ಮೇಲೆ ನಿಂತಿರುವ ಅಗ್ರಹಾರದ ಹಳೆಯ ಮದ್ರಾಸ್ ತಾರಸಿಗಳಲ್ಲಿ ಈ ಪರೀಕ್ಷೆಗೆ ಕೈಹಾಕಬೇಡಿ. ಸೋರುವ ತಾರಸಿಯ ಮೇಲೆ ಬಣ್ಣ ಹೊಡೆಸಿದರೆ ಹಣವೂ ಹೋಯಿತು, ಸೋರಿಕೆಯ ಜಾಗವೂ ಮುಚ್ಚಿಹೋಯಿತು. ಬಿರುಕುಗಳನ್ನು ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿಸಿ, ನೀರು ನಿಲ್ಲುವ ತಗ್ಗುಗಳಿಗೆ ಇಳಿಜಾರು ಕೊಡಿಸಿ, ಕಪ್ಪುಗಟ್ಟಿದ ಪಾಚಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಸಿದ ಮೇಲೆಯೇ ಮುಂದಿನ ಕೆಲಸ.

ಅತ್ಯಂತ ಅಗ್ಗದ ಉಪಾಯ ಸುಣ್ಣ. ಬೂದು ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮೂರನೆಯ ಒಂದು ಭಾಗವನ್ನೂ ಹಿಂದಿರುಗಿಸುವುದಿಲ್ಲ, ಚೊಕ್ಕ ಬಿಳಿ ಮೇಲ್ಮೈ ಮುಕ್ಕಾಲು ಪಾಲನ್ನು ಹಿಂದಿರುಗಿಸಬಲ್ಲದು. ಅರಳಿದ ಸುಣ್ಣವನ್ನು ರಾತ್ರಿ ನೆನೆಹಾಕಿ, ತೆಳುಬಟ್ಟೆಯಲ್ಲಿ ಸೋಸಿ, ಸ್ವಲ್ಪ ಬಿಳಿ ಸಿಮೆಂಟನ್ನೋ ಅಂಟನ್ನೋ ಬೆರೆಸಿ, ತೇವ ಮಾಡಿದ ನೆಲದ ಮೇಲೆ ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ದಪ್ಪವಾಗಿ ಒಂದೇ ಸಲ ಬಳಿದರೆ ಹಕ್ಕಳೆಯಾಗಿ ಏಳುತ್ತದೆ. ಸುಣ್ಣದ ಕಲ್ಲನ್ನು ಮನೆಯಲ್ಲೇ ಅರಳಿಸುವುದಾದರೆ ಅದು ಕುದಿದು ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ, ಮಕ್ಕಳು ಹತ್ತಿರವಿರುವಾಗ ಆ ಕೆಲಸ ಬೇಡ. ಈ ಬಿಳುಪು ಒಂದು ಮಳೆಗಾಲಕ್ಕೆ ಮಾಸುವುದರಿಂದ ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು. ವರ್ಷವರ್ಷದ ಗೋಜು ಬೇಡವೆನ್ನುವವರಿಗೆ ತಾರಸಿಗೆಂದೇ ಬರುವ, ರಬ್ಬರಿನಂತೆ ಹಿಗ್ಗುವ ಬಿಳಿಯ ಬಣ್ಣಗಳಿವೆ; ಹೇಳಿದಷ್ಟು ಸಲ ಬಳಿಸಿದರೆ ಮೂರರಿಂದ ಐದು ವರ್ಷ ಬಾಳುತ್ತವೆ. ಬಿಳಿ ಪಿಂಗಾಣಿ ಚೂರುಗಳನ್ನು ಕೂರಿಸುವ ಹಳೆಯ ಪದ್ಧತಿ ಇನ್ನೂ ಹೆಚ್ಚು ಕಾಲ ಬರುತ್ತದೆ, ಕೂಲಿ ಮಾತ್ರ ದುಬಾರಿ. ಯಾವುದನ್ನೇ ಆರಿಸಿದರೂ ಮಾರ್ಚ್ ಆರಂಭದಲ್ಲಿ ಒಮ್ಮೆ ತೊಳೆಯದಿದ್ದರೆ ಧೂಳು ಕೂತು ಅರ್ಧ ಗುಣ ಹೋಗುತ್ತದೆ. ಬಿಳಿ ತಾರಸಿಯ ಕೆಳಗಿನ ಕೋಣೆಗಳು ಬೇಸಿಗೆಯಲ್ಲಿ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ತಂಪಾಗುತ್ತವೆ. ಎಸಿ ಬೇಕೇ ಬೇಡವೇ ಎಂಬ ಪ್ರಶ್ನೆ ಬಹಳಷ್ಟು ಮನೆಗಳಲ್ಲಿ ಇಲ್ಲಿಗೇ ತೀರುತ್ತದೆ.

ಮೇಲಿನ ಮಹಡಿಯಲ್ಲೇ ಮಲಗುವವರು, ವಯಸ್ಸಾದವರಿರುವ ಮನೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಜಲನಿರೋಧಕ ಪದರದ ಮೇಲೆ 25ರಿಂದ 50 ಮಿಲಿಮೀಟರ್ ದಪ್ಪದ, ನೀರು ಹೀರದ ಎಕ್ಸ್‌ಪಿಎಸ್ ಹಲಗೆಗಳನ್ನು (ಬಿಸಿ ತಡೆಯುವ ಗಟ್ಟಿ ಫೋಮಿನವು) ಒತ್ತಾಗಿ ಜೋಡಿಸಿ, ಅದರ ಮೇಲೆ ತೆಳು ಗಾರೆ ಹಾಕಿ ಬಿಳಿ ಟೈಲು ಕೂರಿಸುವ ವಿಧಾನವಿದೆ. 25 ಮಿಲಿಮೀಟರ್ ಹಲಗೆಯೇ ಯು-ಮೌಲ್ಯವನ್ನು 1.2ರೊಳಗೆ ತರುತ್ತದೆ. ಇದೇ ಉದ್ದೇಶಕ್ಕೆ ಒಳಗಡೆ ಫಾಲ್ಸ್ ಸೀಲಿಂಗ್ ಮಾಡಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಮೋಲ್ಡ್ ಕಾಯುತ್ತಲೇ ಇರುತ್ತದೆ, ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಫ್ಯಾನು ತಲೆಯ ಹತ್ತಿರಕ್ಕೆ ಇಳಿಯುತ್ತದೆ.

ಮಂಡ್ಯದ ಹಳ್ಳಿಗಳ ಹೆಂಚಿನ ಮನೆಗಳಲ್ಲಿ ಬಿಸಿ ಹಗಲಿನಲ್ಲೇ ಬಂದು ರಾತ್ರಿ ಬೇಗ ಆರುತ್ತದೆ. ಅಲ್ಲಿ ಹೆಂಚಿನ ಕೆಳಗೆ ಬಿದಿರಿನ ತಟ್ಟಿಯನ್ನೋ ಹಲಗೆಯ ಅಟ್ಟವನ್ನೋ ಮಾಡಿಸಿ, ನಡುವಿನ ಬಿಸಿಗಾಳಿ ಹೊರಹೋಗಲು ಎರಡು ತುದಿಗಳಲ್ಲಿ ಕಿಂಡಿ ಬಿಟ್ಟರೆ ಸಾಕು. ಕಲ್ನಾರಿನ ಶೀಟು ಇರುವ ಮನೆಯವರು ಅದನ್ನು ಕೊರೆಯುವುದಾಗಲಿ, ಉಜ್ಜುವುದಾಗಲಿ, ಒಡೆಯುವುದಾಗಲಿ ಮಾಡಬಾರದು. ಅದರ ನಾರು ಶ್ವಾಸಕೋಶಕ್ಕೆ ಅಪಾಯಕಾರಿ. ಶೀಟು ಗಟ್ಟಿಯಾಗಿದ್ದರೆ ಅದರ ಮೇಲೆ ಕಾಲಿಡದೆ, ಏಣಿಯಿಂದಲೇ ಬಿಳಿ ಬಣ್ಣ ಬಳಿಸಬಹುದು.

ಮೂರನೆಯ ಹೆಜ್ಜೆ: ಪಡುವಣ ಬಿಸಿಲು, ಇರುಳ ಗಾಳಿ

ನಮ್ಮ ಅಕ್ಷಾಂಶ 12 ಡಿಗ್ರಿಯ ಸುತ್ತ ಇರುವುದರಿಂದ ಏಪ್ರಿಲ್ ಕೊನೆಯ ಭಾಗದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಮೇ ಜೂನ್‌ಗಳಲ್ಲಿ ಸ್ವಲ್ಪ ಉತ್ತರಕ್ಕೂ ವಾಲುತ್ತಾನೆ. ಹೀಗಾಗಿ ತೆಂಕಣ ಕಿಟಕಿಗೆ ಬೇಸಿಗೆಯಲ್ಲಿ ಬಿಸಿಲಿನ ಭಯವಿಲ್ಲ, ಡಿಸೆಂಬರ್‌ನಲ್ಲೂ ಸಾಧಾರಣ ಸಜ್ಜೆ ಸಾಕಾಗುತ್ತದೆ. ತೊಂದರೆ ಪಡುವಣ ಕಿಟಕಿಯದು. ಸಂಜೆಯ ಬಿಸಿಲು ಓರೆಯಾಗಿ ಸಜ್ಜೆಯ ಅಡಿಯಿಂದಲೇ ಒಳನುಗ್ಗುತ್ತದೆ. ಒಳಗೆ ಪರದೆ ಎಳೆದರೆ ಬೆಳಕು ತಗ್ಗಬಹುದು, ಗಾಜು ದಾಟಿದ ಬಿಸಿ ಕೋಣೆಯಲ್ಲೇ ಉಳಿಯುತ್ತದೆ. ಬಿದಿರಿನ ಚಿಕ್ ಪರದೆಯನ್ನೋ ಲಾವಂಚದ ತಟ್ಟಿಯನ್ನೋ ಕಿಟಕಿಯ ಹೊರಗೆ, ಗಾಜಿನಿಂದ ಗೇಣು ದೂರದಲ್ಲಿ ಇಳಿಬಿಡಬೇಕು. ಜಾಗವಿದ್ದವರು ಪಡುವಣ ದಿಕ್ಕಿನಲ್ಲಿ ಹೊಂಗೆಯನ್ನೋ ನುಗ್ಗೆಯನ್ನೋ ನೆಟ್ಟರೆ ಗೋಡೆಗೂ ನೆರಳಾಗುತ್ತದೆ.

ಹಗಲಿಗೂ ರಾತ್ರಿಗೂ ಹದಿಮೂರು ಡಿಗ್ರಿಯ ಅಂತರವಿರುವ ಊರಿನಲ್ಲಿ ಇರುಳ ಗಾಳಿಗಿಂತ ಅಗ್ಗದ ತಂಪು ಬೇರೊಂದಿಲ್ಲ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿಗಳನ್ನು ಮುಚ್ಚಿ, ಸಂಜೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆದು ರಾತ್ರಿಯಿಡೀ ಹಾಗೇ ಬಿಡಬೇಕು. ಸೊಳ್ಳೆ, ಕಳ್ಳರು, ಕೆಲವು ಬಡಾವಣೆಗಳಲ್ಲಿ ಕೋತಿಗಳು, ಈ ಮೂರರ ಭಯದಿಂದ ನಮ್ಮ ಕಿಟಕಿಗಳು ಸೂರ್ಯಾಸ್ತಕ್ಕೇ ಮುಚ್ಚುತ್ತವೆ. ಆದ್ದರಿಂದ ಈ ಹೆಜ್ಜೆಯ ನಿಜವಾದ ಖರ್ಚು ಗಟ್ಟಿಯಾದ ಗ್ರಿಲ್ಲು ಮತ್ತು ತೆಗೆದು ತೊಳೆಯಬಹುದಾದ ಜಾಲರಿಯದು. ಸೂರಿನ ಹತ್ತಿರದ ಗವಾಕ್ಷಿಗಳನ್ನು ಇಟ್ಟಿಗೆ, ರಟ್ಟುಗಳಿಂದ ಮುಚ್ಚಿಸಿದ್ದರೆ ತೆರೆಸಿ ಜಾಲರಿ ಹಾಕಿಸಿ, ಏಕೆಂದರೆ ಬಿಸಿಗಾಳಿ ಸೇರುವುದು ಅಲ್ಲೇ. ತೊಟ್ಟಿಮನೆಯ ತೊಟ್ಟಿಗೆ ಗಾಜಿನ ಮುಚ್ಚಿಗೆ ಹಾಕಿಸಿಕೊಂಡವರು ಅದರ ಬದಿಗಳನ್ನಾದರೂ ತೆರವಾಗಿಡಬೇಕು.

ನಾಲ್ಕನೆಯ ಹೆಜ್ಜೆ: ಬಿಸಿನೀರು

ಹದಿನೆಂಟು ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 0.3 ಯೂನಿಟ್ ಬೇಕು. ನಾಲ್ಕು ಜನ ತಲಾ ಒಂದೂವರೆ ಬಕೆಟ್ ಸ್ನಾನ ಮಾಡಿದರೆ ದಿನಕ್ಕೆ ಎರಡು ಯೂನಿಟ್‌ಗಳ ಹತ್ತಿರ, ತಿಂಗಳಿಗೆ ಅರವತ್ತರ ಹತ್ತಿರ ಆಗುತ್ತದೆ. ಶವರಿನ ಕೆಳಗೆ ಹಾಡು ಹೇಳುತ್ತ ನಿಲ್ಲುವವರ ಲೆಕ್ಕ ಇದರಲ್ಲಿಲ್ಲ.

ಮೈಸೂರಿನ ಬಡಾವಣೆಗಳಲ್ಲಿ ತಾರಸಿಯ ಮೇಲೆ ಕೆಟ್ಟು ನಿಂತಿರುವ ಸೋಲಾರ್ ವಾಟರ್ ಹೀಟರ್‌ಗಳು ಹಲವು. ಹೊಸದು ಕೊಳ್ಳುವ ಮುಂಚೆ ಅದನ್ನು ಬದುಕಿಸಲು ನೋಡಿ. ಒಡೆದ ಗಾಜಿನ ಕೊಳವೆಗಳನ್ನು ಬಿಡಿಬಿಡಿಯಾಗಿ ಬದಲಿಸಬಹುದು. ಕೊಳವೆಬಾವಿಯ ಗಡಸು ನೀರಿನಿಂದ ಒಳಗೆ ಕಟ್ಟಿದ ಉಪ್ಪಿನ ಪೊರೆಯನ್ನು ತಿಳಿದವರಿಂದ ತೊಳೆಸಬಹುದು. ಹೊಸದಾಗಿ ಕೊಳ್ಳುವವರು ನೀರನ್ನು ನೋಡಿ ಆರಿಸಬೇಕು. ಕಾವೇರಿ, ಕಬಿನಿ ನೀರು ಬರುವ ಮನೆಗೆ ತಾಮ್ರದ ಚಪ್ಪಟೆ ಫಲಕದ ಮಾದರಿ ದೀರ್ಘಕಾಲ ಬರುತ್ತದೆ. ಕೊಳವೆಬಾವಿಯ ನೀರೇ ಗತಿಯಾದರೆ ಅದರ ಸಣ್ಣ ನಳಿಗೆಗಳು ಕಟ್ಟಿಕೊಳ್ಳುತ್ತವೆ, ಅಲ್ಲಿ ಗಾಜಿನ ಕೊಳವೆಯದು ವಾಸಿ. ಇನ್ನೂರು ಲೀಟರಿನ ತೊಟ್ಟಿ ತುಂಬಿದಾಗ ನೀರಿನ ಭಾರವೇ 200 ಕಿಲೋಗ್ರಾಂ ಆಗುವುದರಿಂದ ಅದರ ಕಾಲುಗಳು ಮೋಲ್ಡಿನ ನಡುವೆ ನಿಲ್ಲದೆ ಗೋಡೆ ಅಥವಾ ತೊಲೆಯ ನೇರಕ್ಕೆ ಬರಬೇಕು.

ಕೊಳವೆಯ ಉದ್ದವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಕ್ಕಾಲು ಇಂಚಿನ ಪೈಪಿನ ಪ್ರತಿ ಮೀಟರಿನಲ್ಲಿ ಕಾಲು ಲೀಟರಿಗೂ ಹೆಚ್ಚು ನೀರಿರುತ್ತದೆ. ತೊಟ್ಟಿಯಿಂದ ನಲ್ಲಿಗೆ ಇಪ್ಪತ್ತು ಮೀಟರ್ ಇದ್ದರೆ ಬಿಸಿನೀರು ಬರುವ ಮುಂಚೆ ಐದಾರು ಲೀಟರ್ ತಣ್ಣೀರು ಹರಿದುಹೋಗುತ್ತದೆ. ಪೈಪಿಗೆ ಸ್ಪಂಜಿನ ತೋಳು ತೊಡಿಸಿ, ಬಿಸಿಲಿಗೆ ಅದು ಪುಡಿಯಾಗದಂತೆ ಮೇಲೆ ಟೇಪು ಸುತ್ತಿಸಿ. ಮೋಡದ ದಿನಗಳಿಗೆಂದು ಸೋಲಾರ್ ತೊಟ್ಟಿಯೊಳಗೆ ಇಡುವ ವಿದ್ಯುತ್ ಕಾಯಿಲಿನ ಸ್ವಿಚ್ಚನ್ನು ವರ್ಷವಿಡೀ ಹಾಕಿಯೇ ಬಿಟ್ಟಿರುವ ಮನೆಗಳು ಕಡಿಮೆಯಲ್ಲ. ಸೂರ್ಯ ಮಾಡಬೇಕಾದ ಕೆಲಸವನ್ನು ಆಗ ಕಲ್ಲಿದ್ದಲು ಮಾಡುತ್ತಿರುತ್ತದೆ.

ತೋಟವಿರುವ ಮಂಡ್ಯದ ಮನೆಗಳಲ್ಲಿ ತೆಂಗಿನ ಮಟ್ಟೆ, ಕರಟ ಹಾಕಿ ಹಂಡೆಯ ಒಲೆ ಉರಿಸುತ್ತಾರೆ. ತೋಟದ ಕಸವೇ ಉರುವಲಾದಾಗ ಇಂಗಾಲದ ಹೊರೆ ದೊಡ್ಡದಲ್ಲ, ತೊಂದರೆ ಹೊಗೆಯದು. ಅದನ್ನು ತೆಗೆದು ವಿದ್ಯುತ್ ಗೀಸರ್ ಹಾಕಿಸುವುದು ಪರಿಸರದ ಮಟ್ಟಿಗೆ ಹಿನ್ನಡೆ. ಹಂಡೆಯಿಂದ ನೇರವಾಗಿ ಸೋಲಾರಿಗೆ ಹೋಗಿ, ಮಳೆಗಾಲಕ್ಕೆಂದು ಹೊಗೆಕೊಳವೆಯಿರುವ ಒಲೆಯನ್ನು ಉಳಿಸಿಕೊಳ್ಳಬಹುದು.

ಐದನೆಯ ಹೆಜ್ಜೆ: ಉಪಕರಣಗಳು

ಫ್ಯಾನಿನಿಂದಲೇ ಆರಂಭಿಸಿ. 75 ವ್ಯಾಟಿನ ನಾಲ್ಕು ಫ್ಯಾನುಗಳು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 90 ಯೂನಿಟ್. ಅಷ್ಟೇ ಗಾಳಿಯನ್ನು ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಮೋಟಾರಿನಿಂದ ಕೊಡುವ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನ ಸುತ್ತ ಎಳೆಯುವುದರಿಂದ ಅದು 36ಕ್ಕೆ ಇಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಿಲ್ಲ. ಮಲಗುವ ಕೋಣೆ ಮತ್ತು ಹಜಾರದ್ದು ಸಾಕು, ವರ್ಷಕ್ಕೆ ಹತ್ತು ದಿನ ತಿರುಗುವ ಅತಿಥಿ ಕೋಣೆಯ ಫ್ಯಾನು ಹಾಗೇ ಇರಲಿ. ಹಳೆಯ ಚೋಕಿನ ಟ್ಯೂಬ್‌ಲೈಟುಗಳು ಉಳಿದಿದ್ದರೆ 20 ವ್ಯಾಟಿನ ಎಲ್‌ಇಡಿ ಪಟ್ಟಿಗೆ ಬದಲಿಸಿ.

ಫ್ರಿಜ್ಜಿನ ಬಾಗಿಲಿನ ರಬ್ಬರಿನ ನಡುವೆ ಒಂದು ನೋಟು ಸಿಕ್ಕಿಸಿ ಎಳೆದಾಗ ಅದು ಸಲೀಸಾಗಿ ಬಂದರೆ ರಬ್ಬರು ಬದಲಿಸಬೇಕು, ಫ್ರಿಜ್ಜನ್ನಲ್ಲ. ಕೊಳ್ಳಲೇಬೇಕಾದಾಗ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಲೇಬಲ್ಲಿನ ಮೇಲಿರುವ ವಾರ್ಷಿಕ ಯೂನಿಟ್‌ಗಳನ್ನು ಓದುವುದು ಮೇಲು, ಏಕೆಂದರೆ ಮಾನದಂಡ ಆಗಾಗ ಬಿಗಿಯಾಗುತ್ತದೆ, ಹತ್ತು ವರ್ಷದ ಹಿಂದಿನ ಐದು ನಕ್ಷತ್ರ ಇಂದಿನ ಐದಲ್ಲ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರಿಗೆ ತಾನಾಗಿ ನಿಲ್ಲುವ ಫ್ಲೋಟ್ ಸ್ವಿಚ್ ಹಾಕಿಸಿದರೆ ಕರೆಂಟೂ ನೀರೂ ಉಳಿಯುತ್ತವೆ.

ಇಷ್ಟೆಲ್ಲ ಆದ ಮೇಲೂ ಎಸಿ ಬೇಕೆನಿಸಿದರೆ ಒಂದು ಕೋಣೆಗೆ ಸಾಕು. ಇನ್ವರ್ಟರ್ ಮಾದರಿ ಇರಲಿ, 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ಹಾಕಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ ಉಳಿಯುತ್ತದೆ. ಒಳಗಿನ ಅನಿಲವನ್ನೂ ಕೇಳಿ ಕೊಳ್ಳಬೇಕು. ಗಾಳಿಗೆ ಸೋರಿದರೆ ಆರ್-410ಎ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ, ಆರ್-32 ಅದರ ಮೂರನೆಯ ಒಂದರಷ್ಟು. ಸರ್ವಿಸಿಗೆ ಬಂದವರು ಹಳೆಯ ಅನಿಲವನ್ನು ಕಿಟಕಿಯಿಂದ ಹೊರಗೆ ಬಿಡದಂತೆ ನೋಡಿಕೊಳ್ಳುವುದು ಮನೆಯವರ ಹೊಣೆ.

ಅಡುಗೆಯ ಒಲೆಯ ವಿಷಯದಲ್ಲಿ ಅವಸರ ಬೇಡ. 14.2 ಕಿಲೋಗ್ರಾಂನ ಒಂದು ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದೇ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು 120 ಯೂನಿಟ್‌ಗಳ ಮೇಲೆ ಬೇಕಾಗುವುದರಿಂದ, ಇಂದಿನ ಜಾಲದ ವಿದ್ಯುತ್ತಿನಲ್ಲಿ ಲೆಕ್ಕ ದುಪ್ಪಟ್ಟಾಗುತ್ತದೆ. ತಾರಸಿಯ ಮೇಲೆ ಸೌರವಿದ್ಯುತ್ ಬಂದ ಮೇಲೆ, ಹಗಲಿನ ಅಡುಗೆಗೆ ಇಂಡಕ್ಷನ್ ಅರ್ಥಪೂರ್ಣ. ಅಲ್ಲಿಯವರೆಗೆ ಬೇಳೆ ಕಾಳು ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸುವುದೇ ಸಾಕು.

ಕೊನೆಯ ಹೆಜ್ಜೆ: ಸೌರಫಲಕ

ಮೇಲಿನ ಕೆಲಸಗಳು ಮುಗಿದು ಒಂದು ಬೇಸಿಗೆ ಕಳೆದ ಮೇಲೆ ಬಿಲ್ಲಿನ ಅಂಕಿಗಳನ್ನು ಮತ್ತೆ ನೋಡಿ. ಈ ಸೀಮೆಯಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಡುತ್ತದೆ. 230 ಯೂನಿಟ್ ಬಳಸುತ್ತಿದ್ದ ಮನೆ ಗೀಸರ್, ಫ್ಯಾನುಗಳಿಂದಲೇ 110 ಯೂನಿಟ್ ಉಳಿಸಿದ್ದರೆ ಎರಡು ಕಿಲೋವ್ಯಾಟ್ ಬೇಕಿದ್ದಲ್ಲಿ ಒಂದೇ ಸಾಕಾಗುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಹಾಗೂ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಅರ್ಜಿಯನ್ನು ಯೋಜನೆಯ ಜಾಲತಾಣದಲ್ಲಿ ಮನೆಯ ಆರ್.ಆರ್. ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಕೊಟ್ಟು ಸಲ್ಲಿಸಬೇಕು. ಸಂಪರ್ಕ ಯಾರ ಹೆಸರಿನಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ. ತೀರಿಹೋದ ತಾತನ ಹೆಸರಿನಲ್ಲೇ ಬಿಲ್ಲು ಬರುತ್ತಿದ್ದರೆ ಹೆಸರು ಬದಲಾವಣೆಯ ಕೆಲಸ ಮೊದಲು ಮುಗಿಯಲಿ.

ಫಲಕಗಳು ತೆಂಕಣಕ್ಕೆ ಮುಖಮಾಡಿ 12ರಿಂದ 15 ಡಿಗ್ರಿ ಬಾಗಿರಲಿ, ಚೌಕಟ್ಟು ತಾರಸಿಯಿಂದ ಆಳೆತ್ತರ ಮೇಲಿದ್ದರೆ ಕೆಳಗೆ ನೆರಳೂ ಆಗುತ್ತದೆ, ಹಪ್ಪಳ ಸಂಡಿಗೆ ಒಣಹಾಕಲು ಉಳಿದ ಜಾಗವೂ ಸಿಗುತ್ತದೆ. ಚೌಕಟ್ಟಿನ ಬೋಲ್ಟು ಕೂರಿಸುವಾಗ ಜಲನಿರೋಧಕ ಪದರ ತೂತಾಗುವುದರಿಂದ, ಆ ಜಾಗಗಳನ್ನು ಫಲಕ ಕೂರಿಸುವವರಿಂದಲೇ ಮುಚ್ಚಿಸಿದ ಮೇಲೆ ಕೊನೆಯ ಕಂತು ಕೊಡಿ. ಜಾಲಕ್ಕೆ ಜೋಡಿಸಿದ ಸಾಧಾರಣ ವ್ಯವಸ್ಥೆ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಆ ಹೊತ್ತಿಗೂ ಬೇಕೆನ್ನುವವರು ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಕೇಳಬೇಕು. ಪಕ್ಕದ ತೆಂಗಿನ ಮರದ ನೆರಳು ಒಂದು ಫಲಕದ ಮೇಲೆ ಬಿದ್ದರೂ ಸಾಲಿನ ಉಳಿದವುಗಳ ಉತ್ಪಾದನೆ ಕುಸಿಯಬಹುದಾದ್ದರಿಂದ, ಜಾಗ ಗುರುತಿಸುವ ದಿನ ಬೆಳಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ತಾರಸಿಗೆ ಹತ್ತಿ ನೋಡಿ. ಫಲಕ ತೊಳೆಯುವುದು ಬಿಸಿಲೇರುವ ಮುಂಚೆ, ಮೆತ್ತನೆಯ ಬಟ್ಟೆಯಿಂದ, ನಲ್ಲಿಯ ಅಥವಾ ಮಳೆಯ ನೀರಿನಲ್ಲಿ. ಕೊಳವೆಬಾವಿಯ ನೀರು ಆರಿದ ಮೇಲೆ ಗಾಜಿನ ಮೇಲೆ ಬಿಟ್ಟುಹೋಗುವ ಬಿಳಿಯ ಕಲೆ ಮತ್ತೆ ಸುಲಭಕ್ಕೆ ಬಿಡುವುದಿಲ್ಲ.